ಕೈಕಟ್ಟಿ ಕೂತವರು

ಪಾಠ ಕೇಳುವುದೆಂದರೆ ತುಟಿಪಿಟಕ್ಕೆನ್ನದೆ ಕೂರುವುದು ಎಂದೇ ಮಿರ್ಲೆಯಲ್ಲಿ ನಾವು ಕಲಿತದ್ದು. ಕೈಕಟ್ಟಿ ಕೂತವರು ಜಾಣರು; ನಾನೂ ಜಾಣೆಯೇ. ಬಿ.ಎಡ್. ಮುಗಿಸಿ ಬಂದು ಆ ಜಾಣತನವನ್ನೇ ಹೈಸ್ಕೂಲು ಮಕ್ಕಳಿಗೂ ಹಂಚಿದೆ.

1995ರಲ್ಲಿ ನಮ್ಮ ಜಿಲ್ಲೆಯದೇ ಹೆಗ್ಗಡದೇವನಕೋಟೆ ತಾಲ್ಲೂಕಿನ ಪ್ರಾಥಮಿಕ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಪದ್ಧತಿಯನ್ನು ಕಣ್ಣಾರೆ ನೋಡಿ ಬಂದಿದ್ದರು. ಪುಸ್ತಕದ ಬದಲು ಕಾರ್ಡುಗಳು, ಗೋಡೆಯ ಮೇಲೊಂದು ಕಲಿಕಾ ಏಣಿ. ಮಗು ತನ್ನ ವೇಗಕ್ಕೆ ತಕ್ಕಂತೆ ಮೆಟ್ಟಿಲು ಹತ್ತಬೇಕು. ಐದು ತಟ್ಟೆಗಳಲ್ಲಿ ಮೊದಲನೆಯದಕ್ಕೆ ಶಿಕ್ಷಕರ ಪೂರ್ಣ ನೆರವು, ಕೊನೆಯದರಲ್ಲಿ ಮಗು ತಾನೇ ಕಲಿಯುವುದು. ಮುಂದೆ 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು.

ನನಗೆ ತಕರಾರಿಲ್ಲವೆಂದಲ್ಲ. ತರಗತಿ ತುಂಬಿದರೆ ಶಿಕ್ಷಕಿಗೆ ಕಾರ್ಡು ಹುಡುಕಿಕೊಡುವುದೇ ಕೆಲಸವಾಗುತ್ತದೆ. ಕೈ ಆಡಿದ ಮಾತ್ರಕ್ಕೆ ತಲೆ ಓಡಿತೆನ್ನಲಾಗದು. ಹರಿಕಥೆ ಕೇಳುತ್ತಿದ್ದ ನಮ್ಮಜ್ಜಿ ಅಲ್ಲಾಡದೆ ಕೂತಿರುತ್ತಿದ್ದಳು. ಮನೆಗೆ ಬಂದು ದಾಸರ ಒಂದೊಂದು ತಪ್ಪನ್ನೂ ಎಣಿಸುತ್ತಿದ್ದಳು! ಅವಳದು ಜಡ ಕಲಿಕೆಯೆಂದು ಯಾರಾದರೂ ಹೇಳಲಿ ನೋಡೋಣ.

ಆದರೆ ಅಜ್ಜಿಗೆ ತಪ್ಪು ಹಿಡಿಯುವ ಸ್ವಾತಂತ್ರ್ಯವಿತ್ತು. ನಲಿ-ಕಲಿಯಲ್ಲಿ ಓದಿ ಬಂದ ಹುಡುಗಿಯೊಬ್ಬಳು ಜೂನ್ ತಿಂಗಳಲ್ಲಿ ಕೇಳಿದಳು: "ಮಿಸ್, ಕನ್ನಂಬಾಡಿ ಕಟ್ಟೆ ಕಟ್ಟಿದಾಗ ಮುಳುಗಿದ ಊರಿನೋರು ಎಲ್ಲಿಗೋದ್ರು?" ನನಗೆ ಆ ದಿನ ಪಾಠ ಮುಗಿಸುವ ಅವಸರ. "ಮೊದಲು ನೋಟ್ಸ್ ಬರ್ಕೊ" ಎಂದೆ. ಆಮೇಲೆ ಅವಳು ಏನನ್ನೂ ಕೇಳಲಿಲ್ಲ. ಮಾರ್ಚಿಯಲ್ಲಿ ನನ್ನ ನೋಟ್ಸನ್ನೇ ಅಕ್ಷರ ಬಿಡದೆ ಒಪ್ಪಿಸಿದ್ದಳು. ಪೂರ್ತಿ ಅಂಕ ಕೊಟ್ಟೆ.