ಮ್ಯಾಟ್ ಅಡಿಯ ಕಸುಬು

ಮಂಗಳೂರು, ಉಡುಪಿ ಕಡೆಯ ಹಳೆಯ ಮಾರುತಿ 800ರ ರಬ್ಬರ್ ಮ್ಯಾಟ್ ಎತ್ತಿದರೆ ಕೆಲವೊಮ್ಮೆ ರಸ್ತೆಯೇ ಕಾಣುತ್ತದೆ. ಎಲ್ಲರೂ ಉಪ್ಪುಗಾಳಿಯನ್ನು ಬೈಯುತ್ತಾರೆ. ಆದರೆ ನೆಲ ತಿನ್ನುವ ನೀರು ಎಷ್ಟೋ ಸಲ ಮೇಲಿನಿಂದಲೇ ಬರುತ್ತದೆ, ಒಣಗಿ ಬಿರಿದ ಗ್ಲಾಸ್ ಬೀಡಿಂಗ್‌ನಿಂದ, ಹರಿದ ಬಾಗಿಲ ರಬ್ಬರಿನಿಂದ. ಮ್ಯಾಟ್ ಅಡಿ ಸೇರಿದ್ದು ಮಳೆಗಾಲವಿಡೀ ಆರುವುದಿಲ್ಲ.

ಒಳ್ಳೆಯ ಟಿಂಕರ್ ಬಂದವನೇ ವೆಲ್ಡಿಂಗ್‌ಗೆ ಕೈ ಹಾಕುವುದಿಲ್ಲ. ಸೀಟು ಕಳಚಿ, ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಪೈಪ್ ಎಲ್ಲಿ ಹಾದಿದೆಯೆಂದು ನೋಡಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗುತ್ತಾನೆ. ಗಟ್ಟಿ ತಗಡು ಠಣ್ ಅನ್ನುತ್ತದೆ, ಸತ್ತದ್ದು ಡಬ್ ಅನ್ನುತ್ತದೆ. ತೂತು ಅಂಗೈಯಷ್ಟೇ ಇದ್ದರೂ ಹೊಳೆಯುವ ಉಕ್ಕು ಸಿಗುವ ತನಕ ಗ್ರೈಂಡರ್ ನಿಲ್ಲದು. ಮಾಲೀಕನ ಮುಖ ಸಪ್ಪಗಾಗುವುದು ಆಗಲೇ. ಆಮೇಲೆ ರಟ್ಟಿನಲ್ಲಿ ಅಳತೆ ತೆಗೆದು, ಹೊಸ ಶೀಟಿನಲ್ಲಿ ಹಳೆಯ ನೆಲದ ಉಬ್ಬುಗೆರೆಗಳನ್ನೂ ಬಡಿದು ಮೂಡಿಸುತ್ತಾನೆ. ಗೆರೆಗಳಿರುವುದು ಅಂದಕ್ಕಲ್ಲ, ತೆಳು ತಗಡಿಗೆ ಬಿಗಿ ಕೊಡುವುದೇ ಅವು. ವೆಲ್ಡಿಂಗನ್ನೂ ಒಂದೇ ಉಸಿರಿಗೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ. ಕಾವು ಒಂದೇ ಕಡೆ ನಿಂತರೆ ಶೀಟು ಸೊಟ್ಟಗಾಗುತ್ತದೆ.

ತುಕ್ಕಿನ ಮೇಲೆಯೇ ತೇಪೆ ಇಟ್ಟು, ರಿವೆಟ್ ಹೊಡೆದು, ಟಾರು ಬಳಿದು ಕೊಡುವವರೂ ಇದ್ದಾರೆ. ಅದನ್ನು ರಿಪೇರಿ ಅನ್ನಲು ನನಗೆ ಮನಸ್ಸಿಲ್ಲ. ಈ ಕಾರಿಗೆ ಬೇರೆ ಚಾಸಿ ಇಲ್ಲ. ನೆಲವೂ ಬಾಗಿಲ ಕೆಳಗಿನ ಪಟ್ಟಿಯೂ ಸೇರಿಯೇ ಭಾರ ಹೊರಬೇಕು.

ರೆಡ್ ಆಕ್ಸೈಡ್, ಸೀಲರ್, ಅಂಡರ್‌ಕೋಟಿಂಗ್ ಬಿದ್ದ ಮೇಲೆ ಒಳ್ಳೆಯ ಕೆಲಸ, ಕಳ್ಳ ಕೆಲಸ ಎರಡೂ ಒಂದೇ ಕಪ್ಪು. ಅದಕ್ಕೆ ಮೊದಲೇ ಗ್ಯಾರೇಜಿಗೆ ಹೋಗಿ, ಒಮ್ಮೆ ಬಗ್ಗಿ ನೋಡಿ.