ಸ್ಕಂದಗಿರಿಯೂ ನಮ್ಮ ಸಾಹಿತ್ಯವೂ

ಚಿಕ್ಕಬಳ್ಳಾಪುರದ ಸಮೀಪದಲ್ಲಿ ಸುಮಾರು 1,450 ಮೀಟರು ಎತ್ತರಕ್ಕೆ ಎದ್ದು ನಿಂತಿರುವ ಸ್ಕಂದಗಿರಿಯನ್ನು ಜನರು ಕಳವಾರ ದುರ್ಗವೆಂದೂ ಕರೆಯುವರು. ಅದರ ನೆತ್ತಿಯ ಪಾಳುಕೋಟೆಯನ್ನು ಬಲ್ಲವರು ಅನೇಕರು. ಬೆಳಗಿನ ಮಂಜನ್ನು ನೋಡಲು ಬರುವವರು ಇನ್ನೂ ಅನೇಕರು. ಆದರೆ ಇಂತಹ ಬಂಡೆಗಳನ್ನೂ ಕುರುಚಲನ್ನೂ ನಂಬಿ ಬದುಕುವ ಜೀವಿಗಳಿಗೆ ನಮ್ಮ ಸಾಹಿತ್ಯದಲ್ಲಿ ಎಡೆಯುಂಟೆ? ಈ ಪ್ರಶ್ನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೊಸಗನ್ನಡದಲ್ಲಿ ಪ್ರಕೃತಿಯೆಂದರೆ ಬಹುಮಟ್ಟಿಗೆ ಮಲೆನಾಡು. ಕುವೆಂಪು, ಕಾರಂತ, ತೇಜಸ್ವಿ ಇವರನ್ನು ಓದಿದವನಿಗೆ ಕಾಡು ಎಂದೊಡನೆ ಮಳೆಯೂ ಹಸುರೂ ಕಣ್ಮುಂದೆ ಬರುವುವು. ಬಯಲುಸೀಮೆಯ ಹೆಬ್ಬಂಡೆಯಾದರೋ ಹೆಚ್ಚಾಗಿ ಉಪಮಾನ ಮಾತ್ರ. ನಿರ್ದಯನ ಎದೆಗೆ ಹೋಲಿಸಲು ಒದಗುವ ವಸ್ತು. ಕಂದಾಯದ ಕಡತವು ಇದೇ ಭಾವವನ್ನು ಒಂದು ಪದದಲ್ಲಿ ಮುಗಿಸಿದೆ: “ಖರಾಬು.” ಉಳಲು ಬಾರದ ನೆಲದ ಹೆಸರು ಕೆಲಸಕ್ಕೇ ಬಾರದ ನೆಲವೆಂಬ ಅರ್ಥವನ್ನು ತಾಳಿತು. ಕೆಲಸಕ್ಕೆ ಬಾರದುದನ್ನು ಒಡೆಯಲು ಯಾರಿಗೆ ಸಂಕೋಚ?

ಈ ಖರಾಬಿನಲ್ಲಿ ಏನಿದೆಯೆಂದರೆ, ಹಳದಿ ಕೊರಳಿನ ಪಿಕಳಾರವಿದೆ. 1845ರಲ್ಲಿ ಜೆರ್ಡನ್ನನು ಶಾಸ್ತ್ರಲೋಕಕ್ಕೆ ಪರಿಚಯಿಸಿದ ಈ ಹಕ್ಕಿಯು ದಕ್ಷಿಣ ಭಾರತದ ಬಂಡೆಗುಡ್ಡಗಳನ್ನು ಬಿಟ್ಟು ಲೋಕದಲ್ಲಿ ಬೇರೆಲ್ಲಿಯೂ ಇಲ್ಲ. ನಂದಿಬೆಟ್ಟವು ಅದರ ಪ್ರಸಿದ್ಧ ನೆಲೆಗಳಲ್ಲೊಂದು. ಕುರುಚಲಿನ ಹಣ್ಣನ್ನು ತಿಂದು ಬೀಜವನ್ನು ಬಂಡೆಯ ಸಂದಿಗೆ ಸೇರಿಸುವುದು ಅದರ ವೃತ್ತಿ. ಅಳಿವಿನ ಭಯವುಳ್ಳ ಪಕ್ಷಿಗಳ ಪಟ್ಟಿಯಲ್ಲಿ ಅದು ಈಗ ಸೇರಿದೆ. ಕಡಿದ ಮರವನ್ನು ಮತ್ತೆ ನೆಡಬಹುದು. ಸಿಡಿಸಿದ ಬಂಡೆಯನ್ನು ಬೆಳೆಸಬಲ್ಲವರಾರು? ಕುರುಚಲನ್ನು ಕಿತ್ತು ನೀಲಗಿರಿಯನ್ನು ಸಾಲಿಟ್ಟರೆ ಹಸುರೇನೋ ಕಾಣುವುದು, ಹಕ್ಕಿಗೆ ಹಣ್ಣು ದೊರೆಯದು. ನೀಲಗಿರಿಯ ಹೊಸ ನೆಡುವಿಕೆಯನ್ನು ಸರಕಾರವು ನಿಷೇಧಿಸಿದುದು 2017ರಲ್ಲಿ. ಅಷ್ಟರಲ್ಲಿ ನಮ್ಮ ಸೀಮೆಯ ಗುಡ್ಡ ಬಯಲುಗಳು ಅದರಿಂದ ತುಂಬಿದ್ದುವು.

ಇಲ್ಲಿ ಕಾರಂತರ “ಬೆಟ್ಟದ ಜೀವ”ವನ್ನು (1943) ನೆನೆಯುವುದು ಉಚಿತ. ಕಾಡನ್ನು ಕಡಿದು ತೋಟವೆಬ್ಬಿಸಿದ ಗೋಪಾಲಯ್ಯನನ್ನು ವಿಮರ್ಶಕರು ಸಾಹಸದ ಮೂರ್ತಿಯೆಂದು ಕೊಂಡಾಡಿರುವರು. ಅದು ತಪ್ಪಲ್ಲ; ಅವನ ಕೈಯಲ್ಲಿದ್ದುದು ಕತ್ತಿ, ಎದುರಿಗಿದ್ದುದು ಮಹಾರಣ್ಯ. ಆದರೆ ಕಾದಂಬರಿಯ ಆಳದಲ್ಲಿ ಬೇರೊಂದು ದನಿಯುಂಟು: ತೋಟ ಸಿದ್ಧವಾಗಿದೆ, ಮಗನು ಮನೆ ಬಿಟ್ಟು ಹೋಗಿರುವನು. ಯಾರಿಗಾಗಿ ಕಡಿದೆವು ಎಂಬ ಈ ಪ್ರಶ್ನೆಯನ್ನು ನಾವು ಸಾಲದಷ್ಟು ಗಮನಿಸಿದೆವು. ಆ ಲೇಖಕರೇ ಮುಂದೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಿಂತುದನ್ನು ನೋಡಿದರೆ, ಪ್ರಶ್ನೆಯು ಅವರನ್ನು ಬಿಟ್ಟಿರಲಿಲ್ಲವೆಂದು ತೋರುವುದು.

ಕಲ್ಲು ಒಡೆಯುವವನಿಗೂ ಹೊಟ್ಟೆಯುಂಟು, ಮನೆಗೆ ಕಲ್ಲು ಬೇಕು ಎನ್ನುವರು, ನಿಜ. ಆದರೆ 2021ರ ಫೆಬ್ರವರಿಯಲ್ಲಿ ನಮ್ಮ ಜಿಲ್ಲೆಯ ಹಿರೇನಾಗವಲ್ಲಿಯ ಬಳಿ ಗಣಿಯ ಸ್ಫೋಟಕಗಳು ಸಿಡಿದು 6 ಮಂದಿ ಮಡಿದರು. ಬೆಟ್ಟವನ್ನು ಅಗ್ಗವೆಂದೆಣಿಸುವ ಲೆಕ್ಕವು ಅದನ್ನು ಒಡೆಯುವವನನ್ನೂ ಅಗ್ಗವೆಂದೇ ಎಣಿಸುವುದು.

ಸಾಹಿತ್ಯವು ಗಣಿಯನ್ನು ನಿಲ್ಲಿಸಲಾರದು. ಆದರೆ “ಖರಾಬು” ಎಂಬ ಮಾತಿಗೆ ಪ್ರತಿಯಾಗಿ ಆ ನೆಲದ ಗಿಡ, ಹಕ್ಕಿ, ಬಂಡೆಗಳನ್ನು ಹೆಸರು ಹಿಡಿದು ಹೇಳಬಲ್ಲದು. ಹೆಸರುಳ್ಳುದನ್ನು ಅಳಿಸುವ ಕೈ ಒಂದು ಕ್ಷಣವಾದರೂ ತಡೆಯುವುದು. ನಮ್ಮ ಜಿಲ್ಲೆಯ ತರುಣ ಲೇಖಕರು ಮಲೆನಾಡಿನ ಮಳೆಯನ್ನು ಎರವಲು ತರುವುದನ್ನು ಬಿಟ್ಟು, ತಮ್ಮ ಬಾಗಿಲ ಮುಂದಿನ ಬಂಡೆಯನ್ನು ನೋಡಲಿ. ಅದು ಇನ್ನೂ ಇರುವಾಗಲೇ ನೋಡಲಿ.