ಅಳತೆಯೇ ಸೊಗಸು

ಬಿಡಿ ಹಲಗೆಗಳಾಗಿ ಮನೆಗೆ ಬರುವ ಅಡುಗೆಮನೆಯ ಕಪಾಟು ನನಗೆ ಅಚ್ಚುಮೆಚ್ಚು. ಅದರ ಸೊಗಸೆಲ್ಲ ಅಳತೆಯಲ್ಲಿದೆ. ಹೊರ ಅಗಲ 600 ಮಿ.ಮೀ.; ಎರಡು ಬದಿಗಳ ತಲಾ 18 ಮಿ.ಮೀ. ಹಲಗೆ ಕಳೆದರೆ ಒಳಗೆ 564. ಕಪಾಟಿನೊಳಗೆ ಕೂರಿಸುವ ಓವನ್ನಿಗೆ ಸಾಮಾನ್ಯವಾಗಿ ಬೇಕಾದದ್ದು 560. ಬದಿಹಲಗೆಯಲ್ಲಿ 32 ಮಿ.ಮೀ. ಅಂತರಕ್ಕೊಂದು ತೂತು; ಹಿಂಜ್, ಡ್ರಾಯರ್ ಚಾನಲ್ ಎಲ್ಲಕ್ಕೂ ಅವೇ ಆಧಾರ.

ಮರದ ಗೂಟ ಕೂರಿಸಿ, ಕ್ಯಾಮ್ ಲಾಕ್ ತಿರುಗಿಸಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿಯಬೇಕು. ಎರಡೂ ಕರ್ಣ ಸಮವಾದರೆ ಚೌಕಟ್ಟು ಮೂಲೆಮಟ್ಟಕ್ಕೆ ಬಂದಂತೆ. ನೆಲ ಏರುತಗ್ಗಾಗಿದ್ದರೆ ಕಾಲುಗಳನ್ನು ತಿರುಗಿಸಿ ಸರಿಮಾಡಬಹುದು. ಎಲ್ಲೋ ಕೊಯ್ದ ಹಲಗೆಯೂ ಇನ್ನೆಲ್ಲೋ ತಯಾರಾದ ಯಂತ್ರವೂ ನಮ್ಮ ಮನೆಯಲ್ಲಿ ಹೀಗೆ ಕೂಡಿಕೊಳ್ಳುವುದು ದೊಡ್ಡ ಸಾಧನೆಯೇ.

ಓವನ್ನಿನ ಕೈಪಿಡಿಯಲ್ಲಿರುವ ಅಳತೆ, ಗಾಳಿಯಾಡಲು ಬಿಡಬೇಕಾದ ಜಾಗ ನೋಡಿಕೊಂಡೇ ಕಪಾಟು ಕೊಳ್ಳಿ.